ಕಲ್ಲವ್ವಕ್ಕನಿಗೆ ಹೇಳದೆ ಉಳಿದದ್ದು

ಪುಣೆ ಲಷ್ಕರ,
೨ ಎಪ್ರಿಲ್ ೧೯೧೯

ನನ್ನ ಪ್ರೀತಿಯ ಕಲ್ಲವ್ವಕ್ಕಾ,

ವಿಜಾಪುರದ ಬಿಸಿಲು ಹೇಗಿದೆ? ಮಲಕಪ್ಪಣ್ಣನ ಕೆಮ್ಮು ಕಡಿಮೆಯಾಯಿತೆ? ಇಲ್ಲಿ ನಮ್ಮ ಚಾಳಿನಲ್ಲಿ ನೀವು ಬಿಟ್ಟುಹೋದ ಖೋಲಿಗೆ ಬೇರೆಯವರು ಬಂದಿದ್ದಾರೆ. ನನಗೆ ಆ ಕಡೆ ನೋಡಲು ಮನಸ್ಸಾಗುವುದಿಲ್ಲ. ನೀನು ಹೊಲಿದು ಕಳಿಸಿದ ಕೌದಿ ಮುಟ್ಟಿತು. ಇನ್ನೂ ಹೊದ್ದಿಲ್ಲ. ಯಾಕೆಂದು ಬರೆಯುತ್ತೇನೆ. ಅಕ್ಷರ ದಪ್ಪಗೆ ಬರೆದಿದ್ದೇನೆ, ಯಾರ ಕೈಗೂ ಕೊಡದೆ ನೀನೇ ಓದಿಕೋ.

ನಮ್ಮ ಈಸ್ಟರ್ ಹಬ್ಬಕ್ಕೆ ಮೊದಲು ನಲವತ್ತು ದಿನ ಉಪವಾಸದ ಕಾಲ, ಪಶ್ಚಾತ್ತಾಪದ ಕಾಲ. ಈ ಸಲ ಮಾಂಸ ಬಿಟ್ಟೆ, ಚಹಾ ಬಿಟ್ಟೆ, ಒಪ್ಪತ್ತು ಉಂಡೆ. ಮನಸ್ಸು ಹಗುರಾಗಲಿಲ್ಲ. ಕೊನೆಗೆ ನಮ್ಮ ಗುಡಿಯ ಪಾದ್ರಿ ಅಯ್ಯನವರ ಮುಂದೆ ನನ್ನ ತಪ್ಪು ಹೇಳಿ, ದಿನಾ ದೇವರ ಮುಂದೆ ಅಳುತ್ತೇನೆ ಎಂದೆ. ಅವರು, "ದೇವರಿಗೆ ಹೇಳೀರಿ, ಚಲೋ ಆತು. ಕಲ್ಲವ್ವಗ ಹೇಳೀರೇನು?" ಎಂದರು.

ಹೋದ ದಸರೆಯ ಹೊತ್ತಿಗೆ ಊರಿಗೆಲ್ಲ ಆ ಜ್ವರ ಬಂದಿತ್ತಲ್ಲ. ನಿನ್ನ ಗಂಡ ಮಲಕಪ್ಪಣ್ಣ ಜ್ವರದಿಂದ ಮಲಗಿದ ಮೂರನೆಯ ದಿನ ಮಧ್ಯಾಹ್ನ ನೀನು ಎರಡು ವರ್ಷದ ನಿನ್ನ ಮಗಳು ಇಂದೂನನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದೆ. ಕೂಸನ್ನು ಎರಡು ದಿನ ಇಟ್ಟುಕೋ ಎಂದು ಮೂರು ಸಲ ಕೂಗಿದೆ. ಆಮೇಲೆ, ಅಂದು ನಾನು ಪಕ್ಕದ ಊರು ಖಡಕಿಗೆ ಹೋಗಿದ್ದೆ ಎಂದು ನಿನಗೆ ಹೇಳಿದೆ. ಸುಳ್ಳು, ಅಕ್ಕಾ. ಒಳಗೇ ಇದ್ದೆ. ನನ್ನ ಮಗಳಿಗೆ ಜ್ವರ ಅಂಟೀತೆಂದು, ಅವಳು ದನಿ ಮಾಡದಂತೆ ಬಾಯಿ ಮುಚ್ಚಿ ಹಿಡಿದು ಕೂತಿದ್ದೆ. ನೀನು ಮೆಟ್ಟಿಲಿಳಿದು ಹೋಗುವವರೆಗೂ ನಿನ್ನ ಬಳೆಯ ಸದ್ದು ಕೇಳಿತು.

ನಾಲ್ಕು ದಿನಕ್ಕೆ ಇಂದೂನೂ ಮಲಗಿದಳು. ಬದುಕಿದಳು; ಎಡಗಿವಿ ಮಾತ್ರ ಕೇಳದಾಯಿತು. ನಾನು ಅತ್ತದ್ದು ಕಂಡು ನೀನೇ ನನ್ನ ಕಣ್ಣೊರೆಸಿ, "ನೀ ಮನ್ಯಾಗ ಇದ್ದಿದ್ರ ಇಟ್ಕೋತಿದ್ದಿ, ನನಗ ಗೊತ್ತದ" ಎಂದೆ. ಆ ಮಾತನ್ನು ಹೊತ್ತು ಆರು ತಿಂಗಳು ತಿರುಗಿದ್ದೇನೆ.

ಈಗಲೇ ಕ್ಷಮಿಸು ಎನ್ನುವುದಿಲ್ಲ. ಸಿಟ್ಟಾಗು, ಬೈದು ಬರೆ. ಆದರೆ ಇಲ್ಲಿಯ ದವಾಖಾನೆಗೆ ಕಿವಿ ನೋಡುವ ಡಾಕ್ಟರು ಬಂದಿದ್ದಾರೆ. ಹೋಗಿ ಕೇಳಿದೆ, ಕೂಸನ್ನು ಕರೆತನ್ನಿ ಎಂದರು. ಕಳಿಸುವುದಾದರೆ ನಾನೇ ರೈಲಿಗೆ ಬಂದು ಕರೆತರುತ್ತೇನೆ. ನನ್ನ ಮೇಲಿನ ನಂಬಿಕೆ ಹೋಗಿದ್ದರೆ ನೀನೂ ಬಾ, ನಮ್ಮಲ್ಲೇ ಇರು.

ಏನು ಬರೆದರೂ ನಿನ್ನವಳೇ ಆದ
ಮಾರ್ಥವ್ವ

ತಾ.ಕ.: ತಂಗಿ ಕಲ್ಲವ್ವಾ, ಇದನ್ನು ಬರೆಯುತ್ತಿರುವವನು ಮಾರ್ಥವ್ವನ ಗಂಡ ಪ್ರಭುದಾಸ. ಅಂಚೆಗೆ ಹಾಕಲು ಕೊಟ್ಟ ಪತ್ರವನ್ನು ಓದಿಬಿಟ್ಟೆ. ಇವಳು ಒಂದು ಸಂಗತಿ ಬಿಟ್ಟಿದ್ದಾಳೆ. ಅಂದು ನಿನ್ನ ಎರಡನೆಯ ಕೂಗಿಗೆ ಬಾಗಿಲು ತೆರೆಯಲು ಎದ್ದಿದ್ದಳು. ರಟ್ಟೆ ಹಿಡಿದು ಕೂಡಿಸಿದವನು ನಾನು. ಖಡಕಿಯ ಸುಳ್ಳು ಹೇಳಿಕೊಟ್ಟವನೂ ನಾನೇ. ನನ್ನ ಹೆಸರನ್ನು ಅವಳು ಅಯ್ಯನವರ ಮುಂದೆಯೂ ಎತ್ತಿಲ್ಲ. ಅದನ್ನು ನಾನೇ ಹೇಳಬೇಕಿತ್ತು, ಹೇಳಿದ್ದೇನೆ.