ಹಸಿರು ಪೇಂಟಿನ ಕಂಬಗಳು

೧೬-೨-೧೯೮೨, ಮಂಗಳವಾರ, ಬಸವಾಪಟ್ಟಣ

ಹಾಲಮ್ಮನ ಕಂಬಗಳು ಸರ್ಕಾರದ ಪಟ್ಟಿಗೆ ಸೇರಿದವು, ನನ್ನವು ಸೇರಲಿಲ್ಲ.

ಓರಗಿತ್ತಿ ಅವಳು. ಮನೆ ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಎದ್ದು ಅವಳಿಗೆರಡು, ನನಗೆರಡು ಕಂಬ ಬಂದವು. ನಾಲ್ಕನ್ನೂ ಒಂದೇ ಥರ ಕೆತ್ತಿದ್ದು ಒಬ್ಬನೇ ಬಡಗಿ. ಮಗನ ಮದುವೆಯಲ್ಲಿ ಅವಳ ಹೊಟ್ಟೆ ಉರಿಯಲಿ ಎಂದೇ ನನ್ನವಕ್ಕೆ ಮೂರು ಸಲ ಹಸಿರು ಪೇಂಟು ಬಳಿಸಿದ್ದೆ. ಅವಳವು ಹೊಗೆ ಹಿಡಿದು ಹಾಗೇ ಉಳಿದವು.

ಹಳೇ ಕಟ್ಟಡ ಉಳಿಸುವ ಯೋಜನೆಗೆಂದು ಬಂದ ಸಾಹೇಬರು ಆ ಮಸಿಯನ್ನೇ ಸವರಿ ಸವರಿ ನೋಡಿದರು. ನನ್ನ ಕಡೆ ಬಂದು, "ಕೆತ್ತನೆನೇ ಮುಚ್ಚಿಬಿಟ್ಟೀರಲ್ಲ ಅಜ್ಜಿ" ಎಂದರು.

"ನಮ್ಮಕ್ಕಗೆ ಮಿಂಚಬೇಕು ರೀ, ಮೊದಲಿಂದ್ಲೂ ಹಂಗೇ" ಎಂದಳು ಹಾಲಮ್ಮ.

"ನಿಂದೇನು ಜೋಪಾನ ಅಲ್ಲ ಬಿಡೇ, ಸೋಮಾರಿತನ. ಕಂಬ ಒರೆಸಾಕೆ ಮೈ ಬಗ್ಗಿದ್ರೆ ತಾನೆ" ಎಂದೆ. ಸಾಹೇಬರು ನಕ್ಕರು. ಬರೆದುಕೊಂಡದ್ದು ಮಾತ್ರ ಅವಳ ಹೆಸರು.

ಶಿವರಾತ್ರಿ ಕಳೆದ ಮೇಲೆ ಮತ್ತೆ ಬರುತ್ತಾರಂತೆ. ಸಂಜೆ ಚಾಕುವಿನಿಂದ ಕಂಬದ ಪೇಂಟು ಹೆರೆದೆ. ಗಿಣಿಯ ಕೊಕ್ಕೊಂದು ಕಂಡಿತು. ಅದರ ರೆಕ್ಕೆ ಎಲ್ಲಿ ಮುಗಿಯುತ್ತದೆಂದು ನೆನಪಾಗಲಿಲ್ಲ. ನೋಡಿಕೊಂಡು ಬರಬೇಕೆಂದರೆ ಹಾಲಮ್ಮನ ಪಡಸಾಲೆಗೇ ಹೋಗಬೇಕು. ನಾಳೆ ಹೆಪ್ಪಿಗೆ ಮಜ್ಜಿಗೆ ಕೇಳುವ ನೆವದಲ್ಲಿ ಹೋಗುತ್ತೇನೆ.