ಚಿಕ್ಕಜ್ಜಿಗೆ ಸುಕ್ಕು ಬರೆದದ್ದು

ಮಾದಿಹಳ್ಳಿ
ನವೆಂಬರ್ 2006

ಎಂದೂ ಕಾಣದ ಚಿಕ್ಕಜ್ಜಿ ಗಿಡ್ಡಮ್ಮನವರಿಗೆ,

ನಿಮ್ಮ ಅಕ್ಕ ಪುಟ್ಟಲಕ್ಷ್ಮಮ್ಮನ ಮೊಮ್ಮಗಳು ಭವ್ಯಾ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಕೇಳುವುದಿಲ್ಲ. ನೀವು ತೀರಿಕೊಂಡು ಐವತ್ತು ವರ್ಷವಾಯಿತು. ಈಗ ಉತ್ತರ ಬಂದರೆ ನನಗೆ ಚಳಿಜ್ವರ ಬಂದೀತು. ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮನ್ನು ಕೇಳದೆ ನಿಮ್ಮ ಮುಖ ಮಾಡಿದ್ದೇನೆ, ಅದೂ ಎರಡು ಸಲ.

ನಾನು ಬೇಲೂರಿನಲ್ಲಿ ಜಯದೇವಪ್ಪನವರ ಸ್ಟುಡಿಯೊದಲ್ಲಿ ಫೋಟೊ ಕೆಲಸ ಕಲಿಯುತ್ತಿದ್ದೇನೆ. ಫೋಟೊ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಿಮ್ಮ ಕಾಲದಲ್ಲಿ ಹೇಳುತ್ತಿದ್ದರಂತೆ. ಒಂದೂ ತೆಗೆಸಿಕೊಳ್ಳದ ನೀವು ಇಪ್ಪತ್ತೊಂದಕ್ಕೇ ಜ್ವರದಲ್ಲಿ ಹೋದಿರಿ. ರೇಷನ್ ಕಾರ್ಡಿನಿಂದ ಹಿಡಿದು ಸಿಕ್ಕಿದ್ದಕ್ಕೆಲ್ಲ ತೆಗೆಸಿಕೊಂಡ ಅಜ್ಜಿ ಎಪ್ಪತ್ತೆರಡರಲ್ಲೂ ಮುದ್ದೆ ತೊಳಸುತ್ತಾಳೆ.

ಈಗಿನ ಫೋಟೊ ತೆಗೆದರೆ ಮುಗಿಯುವುದಿಲ್ಲ, ಕಂಪ್ಯೂಟರಿನಲ್ಲಿ ತಿದ್ದಬೇಕು. ನಮ್ಮ ಸ್ಟುಡಿಯೊ ಯಜಮಾನರು ಫೋಟೊಶಾಪಿನಲ್ಲಿ ಒಂದೊಂದೇ ಮಚ್ಚೆ, ಒಂದೊಂದೇ ಗೆರೆಯನ್ನು ಕೈಯಲ್ಲೇ ತಿದ್ದುವವರು. ಕಂಪ್ಯೂಟರ್ ರಿಪೇರಿಗೆ ಅರಸೀಕೆರೆಯಿಂದ ಬರುವ ಅರುಣ್‌ಕುಮಾರ್ ಒಂದು ಸಿ.ಡಿ. ತಂದ. ಅದರಲ್ಲಿದ್ದದ್ದು ಪ್ಲಗ್-ಇನ್, ಅಂದರೆ ದೊಡ್ಡ ಸಾಫ್ಟ್‌ವೇರಿಗೆ ತಗಲಿಸುವ ಮರಿ ಸಾಫ್ಟ್‌ವೇರ್. ಪರದೆಯ ಮೇಲಿನ ಗುಂಡಿಯೊಂದನ್ನು ಬಲಕ್ಕೆ ಎಳೆದರೆ ಸಾಕು, ಮುಖ ತಾನೇ ನುಣ್ಣಗಾಗುತ್ತದೆ. ಮೂವತ್ತು ದಿನ ಪುಕ್ಕಟೆ.

"ಬೆಣ್ಣೆ ಥರ ಬತ್ತೈತೆ ಕಣಮ್ಮ. ಕೈಯಲ್ಲಿ ತಿದ್ಕೊಂಡು ಕೂತ್ರೆ ಮದುವೆ ಆಲ್ಬಮ್ ಕೊಡೋ ಹೊತ್ಗೆ ಮಗು ನಾಮಕರಣ ಆಗಿರ್ತದೆ" ಎಂದ. ಯಜಮಾನರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, "ಮೂವತ್ತು ದಿನ ಟೈಮು. ಯಾವುದು ಕಲೀತೀಯೋ ನೀನೇ ಹೇಳು. ಎರಡು ದೋಣಿ ಮೇಲೆ ಕಾಲಿಡಬೇಡ" ಎಂದರು.

ಪರೀಕ್ಷೆಗೆ ಸಿಕ್ಕಿದ್ದು ಅಜ್ಜಿ ಜಗಲಿಯ ಮೇಲೆ ಕೂತಿದ್ದ ಒಂದು ಫೋಟೊ. ಗುಂಡಿಯನ್ನು ಬಲಗಡೆಯ ಕೊನೆಯವರೆಗೂ ಎಳೆದೆ. ಎಪ್ಪತ್ತೆರಡು ವರ್ಷದ ಸುಕ್ಕು ಅರ್ಧ ನಿಮಿಷದಲ್ಲಿ ಹೋಯಿತು. ಅಜ್ಜಿ ಹಿಗ್ಗುತ್ತಾಳೆಂದು ಪ್ರಿಂಟ್ ಹಾಕಿಸಿ ಮನೆಗೆ ಒಯ್ದೆ. ಅವಳ ಎರಡು ಕಣ್ಣಿಗೂ ಪೊರೆ ಬಂದಿದೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಗಿಡ್ಡಿ ಕಣೇ ಇವ್ಳು! ಎಲ್ಲಿ ಸಿಕ್ಳೇ ನಿಂಗೆ?"

ನೀನೇ ಕಣಜ್ಜಿ ಎಂದೆ. "ನನ್ ಮುಖ ನಂಗೆ ಗೊತ್ತಿಲ್ವಾ? ನಾನ್ಯಾವತ್ತು ಇಷ್ಟು ಚೆನ್ನಾಗಿದ್ದೆ?" ಎಂದು ನನ್ನನ್ನೇ ಗದರಿದಳು. ನಿಮ್ಮನ್ನು ಕಂಡವರಲ್ಲಿ ಈಗ ಉಳಿದಿರುವುದು ಅವಳೊಬ್ಬಳೇ. ಅವಳ ನಂತರ ಗಿಡ್ಡಮ್ಮ ಹೇಗಿದ್ದಳು ಎಂದು ಯಾರನ್ನು ಕೇಳುವುದು? ನಾನು ಬಾಯಿ ಮುಚ್ಚಿಕೊಂಡೆ. ಅದೇ ತಪ್ಪಾಯಿತು.

ಅಜ್ಜಿ ಫೋಟೊಕ್ಕೆ ಕಟ್ಟು ಹಾಕಿಸಿ, ಚೆಂಡು ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿದಳು. ಮರುದಿನ ಡೈರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಮನೆಯ ಕೆಂಚಪ್ಪ ಬಾಗಿಲಲ್ಲಿ ಇಣುಕಿದ. ಅಜ್ಜಿ ಹಿತ್ತಲಲ್ಲಿದ್ದಳು; ಅವಳ ಮುಖ ಗೋಡೆಯ ಮೇಲಿತ್ತು, ಕೊರಳಲ್ಲಿ ಹಾರ. ಅವನು ಯಾರನ್ನೂ ಏನನ್ನೂ ಕೇಳಲಿಲ್ಲ, ಗಂಡಸಿ ಊರಿಗೆ ಹೋಗುವ ಬಸ್ಸಿನವರಿಗೆ ಹೇಳಿಬಿಟ್ಟ. ಮಧ್ಯಾಹ್ನಕ್ಕೆ ಗಂಡಸಿಯಿಂದ ನಿಮ್ಮ ಅಣ್ಣನ ಮಗ ಬೋರಯ್ಯ ಹನ್ನೊಂದು ಜನರೊಂದಿಗೆ ಬಂದಿಳಿದ. ರಸ್ತೆಯ ತಿರುವಿನಿಂದಲೇ ಗೋಳು ಶುರು.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಅದನ್ನು ಕಂಡು, ಗಂಡಸಿಯಲ್ಲಿ ಯಾರೋ ಹೋದರೆಂದುಕೊಂಡು ಮೊರ ಬಿಸಾಕಿ ಎದೆ ಬಡಿದುಕೊಂಡು ಎದುರಿಗೆ ಓಡಿದಳು. ಬೋರಯ್ಯ ಅವಳನ್ನೇ ತಬ್ಬಿಕೊಂಡು, "ಅತ್ತೇ, ಹೋಗ್ಬಿಟ್ಯಲ್ಲಾ" ಎಂದು ಅತ್ತ. ಇಬ್ಬರೂ ಚೆನ್ನಾಗಿ ಅತ್ತ ಮೇಲೆ ಅಜ್ಜಿ ಮೂಗು ಒರೆಸಿಕೊಂಡು, "ಯಾರ್ಲಾ ಹೋಗಿದ್ದು?" ಎಂದಳು.

"ನೀನೇ ಕಣತ್ತೆ!"

ಬಂದವರಿಗೆಲ್ಲ ಮುದ್ದೆ, ಅವರೆಕಾಳು ಸಾರು ಮಾಡಿ ಬಡಿಸಿದೆವು. ಕೆಂಚಪ್ಪ ಒಂದು ವಾರ ಬೇರೆ ದಾರಿಯಲ್ಲಿ ಹಾಲು ಒಯ್ದ.

ಮರುದಿನ ಅಜ್ಜಿ ಹಾರ ತೆಗೆದಿಟ್ಟು, ಫೋಟೊ ಕಂಕುಳಲ್ಲಿ ಹಿಡಿದು, ನನ್ನ ಜೊತೆ ಬೇಲೂರಿನ ಬಸ್ಸು ಹತ್ತಿದಳು. ಸ್ಟುಡಿಯೊದ ಪಾಸ್‌ಪೋರ್ಟ್ ಫೋಟೊದ ಸ್ಟೂಲಿನ ಮೇಲೆ ಕೂತು ಹೇಳಿದಳು: "ಇವ್ಳು ಇನ್ನೂ ಹುಡ್ಗಿ ಆಗೇ ಅವ್ಳೆ. ಪಕ್ಕದಲ್ಲಿ ಕೂತ್ರೆ ನಾನು ಇವ್ಳಿಗೆ ಅಜ್ಜಿ ಥರ ಕಾಣ್ತೀನಿ. ಇವ್ಳನ್ನ ನನ್ ಸಮಕ್ಕೆ ಮುದುಕಿ ಮಾಡು, ಇಬ್ರನ್ನೂ ಜೊತೇಲಿ ಕೂರ್ಸು. ಬರೋ ತಿಂಗ್ಳು ಕಣ್ಣಿನ ಆಪರೇಷನ್ನು. ಆಮೇಲೆ ಕಣ್ಣು ಇರ್ತದೋ ಹೋಗ್ತದೋ. ಅದ್ರೊಳಗೆ ನೋಡ್ಬೇಕು."

ನಾನು ಗುಂಡಿಯನ್ನು ಎಡಕ್ಕೆ ಎಳೆದೆ. ಅದು ಸೊನ್ನೆಗೆ ಬಂದು ನಿಂತಿತು, ಅಜ್ಜಿಯ ಮುಖವೇ ಬಂತು. "ಇದು ನಾನು. ನನ್ನ ನಾನು ದಿನಾ ನೋಡ್ತೀನಲ್ಲ" ಎಂದಳು. ಸುಕ್ಕು ಹಾಕುವ ಪ್ಲಗ್-ಇನ್ ಏನಾದರೂ ಇದೆಯಾ ಎಂದು ಅರುಣ್‌ಕುಮಾರನಿಗೆ ಫೋನು ಮಾಡಿದೆ. "ಭವ್ಯಮ್ಮ, ಹುಷಾರಾಗಿದೀಯ ತಾನೆ?" ಎಂದ.

ಇನ್ನೇನು, ಕೈಯಲ್ಲೇ ಬರೆಯಬೇಕಾಯಿತು. ಯಜಮಾನರು ಗೆರೆ ಎಳೆಯುವುದನ್ನು, ಅದರ ಪಕ್ಕಕ್ಕೆ ನೆರಳು ಕೊಡುವುದನ್ನು ತೋರಿಸಿಕೊಟ್ಟರು. ಎಂಟು ದಿನ ಅಜ್ಜಿ ಬುತ್ತಿ ಕಟ್ಟಿಕೊಂಡು ಬಂದು ನನ್ನ ಬೆನ್ನ ಹಿಂದೆ ಕೂತಳು. "ಹಣೆ ಮೇಲಿನ ಗೆರೆ ನಂದು, ನಿಮ್ ತಾತನ ದೆಸೆಯಿಂದ ಬಂದಿದ್ದು. ಅವ್ಳಿಗ್ಯಾಕೆ? ಅಳಿಸು. ಕಣ್ಣಿನ ಪಕ್ಕ ಇನ್ನೂ ನಾಕು ಹಾಕು, ಯಾವಾಗ್ಲೂ ನಗ್ತಿದ್ಲು. ಎಡಗೆನ್ನೇಲಿ ಗುಳಿ ಇತ್ತು, ಈಗದು ಉದ್ದಕ್ಕೆ ಇಳಿದಿರ್ತದೆ. ಹೆಸ್ರಿಗೆ ಗಿಡ್ಡಿ, ನನಗಿಂತ ಎತ್ತರ. ಮೇಲಕ್ಕೆ ಸರ್ಸು." ಪಾಸ್‌ಪೋರ್ಟ್ ಫೋಟೊಕ್ಕೆ ಬಂದಿದ್ದ ರುದ್ರಮ್ಮ ಎಂಬಾಕೆ, "ಒಂದೆರಡು ಹಲ್ಲು ಬಿದ್ದಿರ್ತವೆ ಕಣವ್ವ" ಎಂದು ಬಾಯಿ ಹಾಕಿದರು. "ನಮ್ಮನೆ ಹಲ್ಲು ಬೀಳಲ್ಲ" ಎಂದು ಅಜ್ಜಿ ತನ್ನ ಹಲ್ಲನ್ನೇ ತೋರಿಸಿದಳು.

ಈ ನಡುವೆ ಒಂದು ದಿನ ಪ್ಲಗ್-ಇನ್ನಿನ ಮೂವತ್ತು ದಿನ ಮುಗಿಯಿತೆಂದು ಪರದೆಯ ಮೇಲೆ ಬಂತು. ಅಡ್ಡ ಬಂದಿತೆಂದು ಅದನ್ನು ಮುಚ್ಚಿ ಕೆಲಸ ಮುಂದುವರಿಸಿದೆ. ಯಾವುದು ಕಲಿಯುತ್ತೀಯೆಂದು ಯಜಮಾನರು ಮತ್ತೆ ಕೇಳಲಿಲ್ಲ.

ಎಂಟನೇ ಸಂಜೆ ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿದೆ. ಅವಳು ಗಾಜಿಗೆ ಮೂಗು ತಾಗಿಸಿ ನೋಡಿದಳು. ನಿಮ್ಮ ಕೆನ್ನೆಯ ಮೇಲೆ ಬೆರಳಿಟ್ಟು, "ಎಷ್ಟು ಮುದುಕಿ ಆಗ್ಬಿಟ್ಯಲ್ಲೇ ಗಿಡ್ಡಿ" ಎಂದು ನಕ್ಕಳು. ನಗುತ್ತಲೇ ಅತ್ತಳು. ಗಂಡಸಿಯವರ ಮುಂದೆ ಊರು ಕೇಳುವಂತೆ ಅತ್ತವಳಿಗೆ ಇಲ್ಲಿ ದನಿಯೇ ಬರಲಿಲ್ಲ. ನನಗೂ ತಡೆಯಲಾಗಲಿಲ್ಲ.

ಈಗ ನೀವಿಬ್ಬರೂ ಗೋಡೆಯ ಮೇಲೆ ಜೊತೆಗಿದ್ದೀರಿ. ಹಾರ ಇಲ್ಲ. ಆ ಇನ್ನೊಬ್ಬರು ಯಾರು ಎಂದು ಕೆಂಚಪ್ಪ ಈ ಸಲ ಒಳಗೆ ಬಂದು ಕೇಳಿದ. "ನನ್ ತಂಗಿ. ನಂಗಿಂತ ಒಂದೂವರೆ ವರ್ಷಕ್ಕೆ ಚಿಕ್ಕೋಳು" ಎಂದಳು ಅಜ್ಜಿ.

ಚಿಕ್ಕಜ್ಜಿ, ಆ ಮುಖ ನಿಮ್ಮದು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ತಪ್ಪಿದ್ದರೆ ಅಜ್ಜಿ ಅಲ್ಲಿಗೆ ಬಂದಾಗ ಅವಳಿಗೇ ಹೇಳಿ. ಆದರೆ ಅದಕ್ಕಾಗಿ ಅವಳನ್ನು ಬೇಗ ಕರೆಸಿಕೊಳ್ಳಬೇಡಿ. ಮೊದಲು ಆಪರೇಷನ್ ಆಗಲಿ. ಕಣ್ಣು ಸರಿಯಾದ ಮೇಲೆ ಅವಳೇ ಇನ್ನೂ ನೂರು ತಪ್ಪು ಹುಡುಕಲಿ, ನಾನು ತಿದ್ದುತ್ತೇನೆ.

ನಿಮ್ಮನ್ನು ಮುದುಕಿ ಮಾಡಿದ ಈ ಮೊಮ್ಮಗಳನ್ನು ಹರಸಿ,
ಭವ್ಯಾ