ಗಾಳೆವ್ವನ ಮೂರು ಗುರುವಾರ

ಏಳನೆಯ ತಿಂಗಳು, ಮೂವತ್ತಮೂರನೆಯ ದಿನ
ಹೊಳೆಯ ಬಡಗಣ ದಂಡೆ

ನಮಗಿಂತ ಬಹಳ ಮೊದಲು ಬದುಕಿದ ಹಿರಿಯರಿಗೆ,

ಮೇಲೆ ಬರೆದ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು, ತಿಂಗಳಿಗೆ ಮೂವತ್ತಮೂರು ದಿನ. ಉಳಿಯುವ ಎರಡು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಕಚೇರಿಯ ಯಂತ್ರಗಳನ್ನು ತೊಳೆಯಲು ಅವನ್ನು ಬಿಟ್ಟಿದ್ದಾರೆ. ತಿಂಗಳ ಕೊನೆಯ ದಿನಕ್ಕೆ ತಾಳೆದಿನ ಎನ್ನುತ್ತೇವೆ. ಅಂದು ಕಚೇರಿಯವರು ಕರೆಯದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ನಾವು ಆ ತಿಂಗಳು ಎಲ್ಲೆಲ್ಲಿಗೆ ಹೋದೆವು, ಹೋಗಬೇಕಾದಲ್ಲಿಗೆ ಹೋದೆವೋ ಇಲ್ಲವೋ ಎಂದು ಕಚೇರಿಯವರು ತಾಳೆ ನೋಡುತ್ತಾರೆ. ಕೆಲಸವಿಲ್ಲದ ದಿನವಾದ್ದರಿಂದ ಬರೆಯಲು ಕುಳಿತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಶಾಲೆಯಲ್ಲಿ ನಾಲ್ಕು ವರ್ಷ ಕಲಿತ ಕನ್ನಡ ಇದು. ತಪ್ಪಿದ್ದರೆ ಮನ್ನಿಸಿ.

ನಮ್ಮೆಲ್ಲರ ಸೊಂಟದ ಉಡಿದಾರದಲ್ಲಿ ಒಂದು ಮಣಿ ಇರುತ್ತದೆ. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು, ಬೂದಿ ಬಣ್ಣ. ಅದಕ್ಕೆ ಗೊತ್ತುಮಣಿ ಎಂದು ಹೆಸರು. ಕೂಸು ಹುಟ್ಟಿದ ಹನ್ನೊಂದನೆಯ ದಿನ ಕಚೇರಿಯವರೇ ಬಂದು ಕಟ್ಟುತ್ತಾರೆ. ನಾವು ನಿಂತಲ್ಲಿ ಕೂತಲ್ಲಿ ಅದು ನಮ್ಮ ಜಾಗವನ್ನು ಕಚೇರಿಗೆ ತಿಳಿಸುತ್ತಿರುತ್ತದೆ. ಮೈಯ ಬಿಸಿ ತಾಗದಿದ್ದರೆ ಕೂಗುತ್ತದೆ, ಆದ್ದರಿಂದ ಬಿಚ್ಚಿ ಗೂಡಿನಲ್ಲಿ ಇಟ್ಟು ಹೋಗಲು ಬರುವುದಿಲ್ಲ. ಅಕ್ಕಿ ಕೊಡುವವರು ಅದನ್ನು ನೋಡಿಯೇ ಕೊಡುತ್ತಾರೆ. ಆಸ್ಪತ್ರೆಯ ಬಾಗಿಲು ಅದನ್ನು ನೋಡಿಯೇ ತೆರೆಯುತ್ತದೆ. ತಾಳೆದಿನದ ಸಂಜೆ ಪ್ರತಿ ಓಣಿಯ ಬೋರ್ಡಿನ ಮೇಲೆ ಮನೆಮನೆಯ ಹೆಜ್ಜೆಪಟ್ಟಿ ಮೂಡುತ್ತದೆ. ಯಾರು ಎಲ್ಲಿಗೆ ಹೋಗಿದ್ದರು, ಎಷ್ಟು ಹೊತ್ತು ಇದ್ದರು ಎಂದು ಅದನ್ನು ಯಾರು ಬೇಕಾದರೂ ಓದಬಹುದು. ಮರುದಿನ ಬೆಳಿಗ್ಗೆ ನೀರಿಗೆ ಬಂದ ಹೆಂಗಸರು ಅದನ್ನು ಓದಿ ಮುಗಿಸಿಯೇ ಕೊಡ ತುಂಬುತ್ತಾರೆ. ನಾನೂ ಓದುತ್ತಿದ್ದೆ.

ಈ ಮಣಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನು ಹರಿಗೋಲು ನಡೆಸುವವಳು. ನನ್ನ ಅಪ್ಪನೂ ಅದೇ ಕೆಲಸ ಮಾಡುತ್ತಿದ್ದ. ಒಮ್ಮೆ ಮಹಾಪೂರದಲ್ಲಿ ಅವನ ಹರಿಗೋಲು ಮಗುಚಿದಾಗ, ಅವನು ಯಾವ ಬಂಡೆಗೆ ಸಿಕ್ಕಿಕೊಂಡಿದ್ದಾನೆ ಎಂದು ಮಣಿಯಿಂದಲೇ ತಿಳಿಯಿತು. ಅವನು ಆಮೇಲೆ ಎಂಟು ವರ್ಷ ಬದುಕಿದ. ನಿಮ್ಮ ಕಾಲದಲ್ಲಿ ಮೊದಲು ಬೀದಿ ಗುಡಿಸುವವರ ಕೈಗೆ ಇಂಥದೊಂದು ಗಡಿಯಾರ ಕಟ್ಟಿದರಂತೆ, ಅವರು ಕೆಲಸಗಳ್ಳರೋ ಅಲ್ಲವೋ ನೋಡಲು. ಆಮೇಲೆ ಶಾಲೆಯ ಮಕ್ಕಳಿಗೆ, ಕಳೆದುಹೋಗಬಾರದೆಂದು. ಆಮೇಲೆ ಮುದುಕರಿಗೆ. ಹೀಗೆ ನಮ್ಮ ಅಜ್ಜಿ ಹೇಳುತ್ತಿದ್ದಳು. ಪ್ರತಿ ಸಲವೂ ಅದಕ್ಕೊಂದು ಒಳ್ಳೆಯ ನೆಪ ಇತ್ತು. ಅದಕ್ಕೇ ಯಾರೂ ಬೇಡ ಅನ್ನಲಿಲ್ಲ.

ನಮ್ಮ ದಂಡೆಯ ಹೆಂಗಸರಲ್ಲಿ ಒಂದು ರೂಢಿ ಬೆಳೆದಿದೆ. ಅದಕ್ಕೆ ಮಣಿ ಹೊರುವುದು ಎನ್ನುತ್ತೇವೆ. ಯಾರಿಗಾದರೂ ಒಂದು ಹೊತ್ತು ಯಾರ ಕಣ್ಣಿಗೂ ಬೀಳದೆ ಇರಬೇಕಾದರೆ, ಇನ್ನೊಬ್ಬಳು ಅವಳ ಮಣಿಯನ್ನು ತನ್ನ ಉಡಿದಾರಕ್ಕೆ ಪೋಣಿಸಿಕೊಂಡು ಅವಳು ಇರಬೇಕಾದ ಜಾಗದಲ್ಲಿ ಇರುತ್ತಾಳೆ. ಹೊತ್ತವಳು ಯಾಕೆ ಎಂದು ಕೇಳುವಂತಿಲ್ಲ. ಅದೊಂದೇ ನಿಯಮ. ಒಬ್ಬಳು ಅಳುವುದಕ್ಕೆ ಹೋಗಿದ್ದಾಳು, ಒಬ್ಬಳು ಸುಮ್ಮನೆ ಗುಡ್ಡದ ಮೇಲೆ ಮಲಗಿ ಬಂದಾಳು. ನಾವು ಕೇಳುವುದಿಲ್ಲ.

ನಮ್ಮ ಪಕ್ಕದ ಮನೆಯ ಗಾಳೆವ್ವನನ್ನು ನಾನು ಚಿಗವ್ವ ಎಂದು ಕರೆಯುತ್ತೇನೆ. ಐವತ್ತು ದಾಟಿದವಳು, ಅಣ್ಣನ ಮಗ ಪಂಪಣ್ಣನ ಮನೆಯಲ್ಲಿ ಇದ್ದಾಳೆ. ಇಪ್ಪತ್ತೆರಡು ವರ್ಷದ ಹಿಂದೆ ಕಾಲುವೆಯ ನೀರಿನ ಪಾಳಿಗೆ ಜಗಳವಾಗಿ, ಯಮನೂರ ಎಂಬವನು ಅವಳ ಅಣ್ಣನಿಗೆ ಸಲಿಕೆಯಿಂದ ಹೊಡೆದ. ಅಣ್ಣ ಕಾಲುವೆಯ ಏರಿಯ ಮೇಲೆಯೇ ಸತ್ತ. ಆಗ ಪಂಪಣ್ಣ ಮೂರು ವರ್ಷದವನು. ಅವನನ್ನು ಬೆಳೆಸುತ್ತ ಗಾಳೆವ್ವ ಮದುವೆಯಾಗದೆ ಉಳಿದಳು. ಯಮನೂರ ಜೈಲಿನಿಂದ ಬಂದ ಮೇಲೆ ಊರ ಆಚೆ ತುದಿಯ ಸುಣ್ಣದ ಭಟ್ಟಿ ಓಣಿಯಲ್ಲಿ ಒಬ್ಬನೇ ಇದ್ದ. ಈ ವರ್ಷ ಅವನ ಎದೆ ಕೆಟ್ಟು ಹಾಸಿಗೆ ಹಿಡಿದ. ಒಮ್ಮೆ ಬಂದು ಹೋಗು ಎಂದು ಗಾಳೆವ್ವನಿಗೆ ಹೇಳಿ ಕಳಿಸಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವಳು ಗುರುವಾರಗಳಂದು ತನ್ನ ಮಣಿ ಹೊರಲು ಕೇಳಿದಾಗ ನಾನು ಹೂಂ ಎಂದೆ, ಅಷ್ಟೆ.

ಗಾಳೆವ್ವನ ಕೆಲಸ ನಡುಗಡ್ಡೆಯ ಬಾಳೆತೋಟದಲ್ಲಿ ಕಳೆ ತೆಗೆಯುವುದು. ಗುರುವಾರ ಮಧ್ಯಾಹ್ನದ ಪಾಳಿ ಇನ್ನೊಂದು ಹರಿಗೋಲಿನದು, ಆದ್ದರಿಂದ ನಾನು ಬೆಳಿಗ್ಗೆ ಹೆಂಗಸರನ್ನು ದಾಟಿಸಿ ಸಂಜೆಯವರೆಗೆ ನಡುಗಡ್ಡೆಯಲ್ಲೇ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತ ಕೂರುತ್ತೇನೆ. ಅವಳ ಮಣಿ ನನ್ನ ಸೊಂಟದಲ್ಲಿ ಕಳೆ ತೆಗೆಯುತ್ತಿತ್ತು ಎನ್ನಬಹುದು. ಮೊದಲ ಗುರುವಾರ ಗಾಳೆವ್ವ ಅವನ ಬಾಗಿಲ ಹೊರಗೆ ನಿಂತು ತಿರುಗಿ ಬಂದಳಂತೆ. ಎರಡನೆಯ ಗುರುವಾರ ಒಳಗೆ ಹೋಗಿ, ಅವನ ಬರಿದಾದ ಕೊಡ ನೋಡಿ, ನೀರು ತುಂಬಿಸಿಟ್ಟು, ಒಂದೂ ಮಾತಾಡದೆ ಬಂದಳಂತೆ. ಮೂರನೆಯ ಗುರುವಾರ ಒಂದೇ ಒಂದು ಪ್ರಶ್ನೆ ಕೇಳಿದಳು. ಸಾಯುವಾಗ ಅಣ್ಣ ಏನಾದರೂ ಹೇಳಿದನೇ ಎಂದು. ಅದನ್ನು ಯಮನೂರ ಯಾವ ಕೋರ್ಟಿನಲ್ಲೂ ಹೇಳಿರಲಿಲ್ಲ. ಅವನು ಹೇಳಲು ಬಾಯಿ ತೆರೆದ, ಕೆಮ್ಮು ಬಿಡಲಿಲ್ಲ. ಕೈಸನ್ನೆ ಮಾಡಿ ಇಷ್ಟು ಮಾತ್ರ ಹೇಳಿದನಂತೆ: “ಮುಂದಿನ ವಾರ ಬಾರವ್ವ. ಉಸಿರು ಕೂಡಿಟ್ಕೊಂಡು ಹೇಳ್ತೀನಿ.”

ಅದೇ ಹೊತ್ತಿಗೆ ನಾನು ತಪ್ಪು ಮಾಡಿದೆ. ನಡುಗಡ್ಡೆಯಲ್ಲಿ ತಿಪ್ಪವ್ವ ಎಂಬ ಬಸುರಿಗೆ ನೋವು ಎದ್ದಿತು. ಬಸುರಿ ಹೆಂಗಸನ್ನು ದಂಡೆಯಲ್ಲಿ ಕಾಯಿಸಬಾರದು. ಯಾರ ಪಾಳಿಯೇ ಇರಲಿ, ಹತ್ತಿರ ಇದ್ದವರು ಹರಿಗೋಲು ನೀರಿಗೆ ಇಳಿಸಬೇಕು. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಕೈಗೆ ತಾನಾಗಿ ಬರುತ್ತದೆ. ನಾನು ಹುಟ್ಟು ಹಿಡಿದೆ. ಅವಳನ್ನು ದಾಟಿಸಿದೆ, ಅವಳ ತಾಯಿಗಾಗಿ ಮತ್ತೆ ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ನಾಲ್ಕು ಸಲ. ಗಾಳೆವ್ವನ ಮಣಿ ನನ್ನ ಸೊಂಟದಲ್ಲಿದೆ ಎಂಬುದು ಸಂಜೆ ಅದನ್ನು ಬಿಚ್ಚುವಾಗ ನೆನಪಾಯಿತು. ತಿಪ್ಪವ್ವನಿಗೆ ಹೆಣ್ಣುಕೂಸು ಆಯಿತು. ಆ ಖುಷಿಯಲ್ಲಿ ನಾನು ಗಾಳೆವ್ವನಿಗೆ ಏನೂ ಹೇಳಲಿಲ್ಲ.

ಎರಡು ದಿನಕ್ಕೆ ತಾಳೆದಿನ ಬಂತು. ಕೆಲಸದ ಹೊತ್ತಿನಲ್ಲಿ ಗಾಳೆವ್ವ ನಾಲ್ಕು ಸಲ ಹೊಳೆ ದಾಟಿದ್ದಾಳೆ, ಯಾಕೆ ಎಂದು ಕೇಳಲು ಕಚೇರಿಯ ಗುಮಾಸ್ತ ಶೇಕ್ಷಾವಲಿ ಬಂದರು. ನಮ್ಮ ಮನೆಯಲ್ಲೂ ಕೇಳುವುದಿತ್ತು, ಅದಕ್ಕೆ ನನ್ನನ್ನೂ ಪಂಪಣ್ಣನ ಕಟ್ಟೆಗೆ ಕರೆಸಿಕೊಂಡರು. ಬಸುರಿಯ ಜೊತೆ ಹೋಗಿದ್ದಳು ಎಂದು ನಾನು ಸುಳ್ಳು ಹೇಳಿದೆ. ಅವರು ಆಗಲೇ ತಿಪ್ಪವ್ವನ ತಾಯಿಯನ್ನು ಕೇಳಿ ಬಂದಿದ್ದರು. ಆಕೆ ಪಾಪ, ಗಾಳೆವ್ವ ಬಂದೇ ಇರಲಿಲ್ಲವಲ್ಲ ಎಂದು ನಿಜವನ್ನೇ ಹೇಳಿದ್ದಳು. ಗಾಳೆವ್ವ ನನ್ನನ್ನು ನೋಡಿ, ಆ ಹುಡುಗಿಯನ್ನು ಬಿಡಿ ಎಂದಳು. ಮೂರು ಗುರುವಾರ ಯಮನೂರನ ಮನೆಗೆ ಹೋಗಿದ್ದೆ ಎಂದಳು. ಒಳಗೆ ಊಟ ಮಾಡುತ್ತಿದ್ದ ಪಂಪಣ್ಣನ ಕೈ ನಿಂತದ್ದು ನನಗೆ ಕಾಣಿಸಿತು.

ಶೇಕ್ಷಾವಲಿ ಒರಟರಲ್ಲ. ಆದರೆ ಅವರು ಬರೆದುಕೊಳ್ಳುವ ಹಲಗೆಯಲ್ಲಿ ಕಾರಣ ಎಂಬ ಒಂದು ಖಾಲಿ ಮನೆ ಇದೆ, ಅದನ್ನು ತುಂಬದೆ ಹಲಗೆ ಮುಚ್ಚುವುದಿಲ್ಲ. ಅವರು ಎರಡು ಸಲ ಕೇಳಿದರು.

“ಯಾಕ ಹೋಗಿದ್ದೆ ಅಂತ ನನಗ ಇನ್ನೂ ಗೊತ್ತಾಗಿಲ್ರಿ ಸಾಹೇಬ್ರ,” ಎಂದಳು ಗಾಳೆವ್ವ. “ಗೊತ್ತಾಗದ್ದನ್ನ ಏನಂತ ಬರಸ್ಲಿ?”

“ಏನಾರ ಒಂದು ಹೇಳಬೇ. ಖಾಲಿ ಬಿಟ್ರ ನಿನ್ನ ಅಕ್ಕಿ ನಿಲ್ತೈತಿ.”

ಅವಳಿಗೆ ಒಳ್ಳೆಯದಾಗಲಿ ಎಂದೇ ಅವರು ತಾವೇ ಒಂದು ಪದ ಬರೆದುಕೊಂಡು ಹೋದರು. ಸಂಜೆ ಅದು ಬೋರ್ಡಿನಲ್ಲಿ ಮೂಡಿತು. ಗಾಳೆವ್ವ, ಸುಣ್ಣದ ಭಟ್ಟಿ ಓಣಿ, ಮೂರು ಗುರುವಾರ. ಕಾರಣ: ಕ್ಷಮೆ.

ಮರುದಿನ ಬೋರ್ಡ್ ಓದಿ ಬಂದ ಪಂಪಣ್ಣ ಆ ರಾತ್ರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಗೋಡೆಯ ಈಚೆ ನಮಗೆ ಇಷ್ಟು ಭಯವಾಗುತ್ತಿರಲಿಲ್ಲ. ಒಂದೇ ಮಾತು ಕೇಳಿಸಿತು.

“ನಮ್ಮಪ್ಪನ ಸಾವಿಗೆ ನೀನೊಬ್ಬಾಕಿನ ಕ್ಷಮಾ ಕೊಟ್ಟು ಬಂದ್ಯಾ ಅತ್ತಿ? ನಾನೂ ಬೋರ್ಡ್ ಓದೇ ತಿಳಕೋಬೇಕಾತಾ?”

ಅವಳು ಕೊಟ್ಟಿರಲಿಲ್ಲ. ಕೊಡುವೆನೋ ಇಲ್ಲವೋ ಎಂದು ನೋಡಲು ಹೋಗಿದ್ದಳು. ಆದರೆ ಬೋರ್ಡಿನಲ್ಲಿ ಬಂದ ಮೇಲೆ ಯಾರು ನಂಬುತ್ತಾರೆ? ಮಣಿ ತಪ್ಪಿಸಿದವರು ಒಂದು ತಿಂಗಳು ಮನೆ ಮತ್ತು ಕೆಲಸ ಬಿಟ್ಟು ಬೇರೆಲ್ಲೂ ಹೋಗುವಂತಿಲ್ಲ. ಹೋಗಲೇಬೇಕಾದರೆ ಮನೆಯ ಯಜಮಾನ ಸಹಿ ಹಾಕಿದ ಅರ್ಜಿ ಬೇಕು. ನಾನೇ ಅರ್ಜಿ ಬರೆದುಕೊಟ್ಟೆ. ಪಂಪಣ್ಣ ಅದನ್ನು ಓದಿ, ಮಡಚಿ, ಅವಳ ಕೈಗೇ ಕೊಟ್ಟ. ಅವನು ಕೆಟ್ಟವನಲ್ಲ. ಅವಳು ತನ್ನ ಮನಸ್ಸನ್ನು ತಾನು ತಿಳಿದುಕೊಂಡು, ಸಮಯ ನೋಡಿ, ಅವನ ಮುಂದೆ ಕೂತು ಹೇಳಿದ್ದರೆ ಅವನೂ ಒಂದು ದಿನ ಕೇಳಿಸಿಕೊಳ್ಳುತ್ತಿದ್ದನೇನೋ. ಅಪ್ಪನ ಕೊನೆಯ ಮಾತು ಅವನಿಗೂ ಬೇಕಾದದ್ದೇ ಆಗಿತ್ತು. ಆ ಸಮಯ ಇಬ್ಬರಿಗೂ ಸಿಗಲಿಲ್ಲ.

ನಾಲ್ಕನೆಯ ಗುರುವಾರ ಗಾಳೆವ್ವ ನಡುಗಡ್ಡೆಯಲ್ಲಿ ಕಳೆ ತೆಗೆದಳು. ಶನಿವಾರ ಯಮನೂರ ಸತ್ತ. ಅವನ ಮಣಿ ಕೂಗಿದ್ದನ್ನು ಕೇಳಿ ಕಚೇರಿಯವರು ಬಂದರು. ಅವನು ಎಷ್ಟು ಗಂಟೆಗೆ, ಯಾವ ಮೂಲೆಯಲ್ಲಿ ಸತ್ತ ಎಂಬುದು ಬೋರ್ಡಿನಲ್ಲಿ ಇದೆ. ಅಣ್ಣ ಏನು ಹೇಳಿದ ಎಂಬುದು ಎಲ್ಲಿಯೂ ಇಲ್ಲ.

ನನಗೆ ಒಂದು ತಿಂಗಳು ಹುಟ್ಟು ಮುಟ್ಟದಂತೆ ಶಿಕ್ಷೆಯಾಯಿತು. ಅದು ಮುಗಿದಿದೆ. ಗಾಳೆವ್ವನ ಕಾಲಿಗೆ ಬಿದ್ದೆ. ಬಸುರಿಯನ್ನು ದಾಟಿಸಿದ್ದು ತಪ್ಪಲ್ಲ ಎಂದಳು. ಆಮೇಲೆ ಹೇಳಿದಳು: “ನಾನು ಕ್ಷಮಿಸಿದ್ನೋ ಇಲ್ಲೋ, ಊರಿಗೆಲ್ಲ ಗೊತ್ತೈತಿ. ನನಗ ಗೊತ್ತಾಗೂದು ಉಳದೋತು ನೋಡು.”

ಹಿರಿಯರೇ, ಏನೂ ತಪ್ಪು ಮಾಡದವರು ಯಾಕೆ ಮುಚ್ಚಿಡಬೇಕು ಎಂದು ನಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರೆ. ನಿಮ್ಮ ಕಾಲದಲ್ಲೂ ಕೇಳುತ್ತಿರಬಹುದು. ಗಾಳೆವ್ವ ಏನೂ ತಪ್ಪು ಮಾಡಿರಲಿಲ್ಲ. ಮನಸ್ಸು ಒಂದು ಕಡೆಗೆ ತಿರುಗುವ ಮೊದಲು ಅತ್ತಿತ್ತ ಓಡಾಡುತ್ತದೆ. ಆ ಓಡಾಟವನ್ನು ಯಾರಾದರೂ ನೋಡುತ್ತಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ. ನಿಮ್ಮಲ್ಲಿ ಮೊದಲ ಗಡಿಯಾರ ಯಾರ ಕೈಗೆ ಕಟ್ಟುತ್ತಾರೋ ಅವರು ಬಡವರೇ ಆಗಿರುತ್ತಾರೆ, ಅವರಿಗೆ ಬೇಡ ಅನ್ನಲು ಆಗುವುದಿಲ್ಲ. ಅವರ ಪರವಾಗಿ ನೀವು ಅನ್ನಿ. ಮುಳುಗಿದವರನ್ನು ಹುಡುಕಲು ಮಣಿ ಇರಲಿ, ಮುಳುಗದವರನ್ನು ಬಿಡಲಿ ಎಂದು ಕೇಳಿ. ಇಷ್ಟು ಕೇಳಿದರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಇದನ್ನು ಬರೆಯಲೇ ಎಂದು ಅವಳನ್ನು ಕೇಳಿಯೇ ಬರೆದಿದ್ದೇನೆ. ಬರಿ, ನನ್ನ ಹೆಸರು ಮಾತ್ರ ಬ್ಯಾಡ ಎಂದಳು. ಗಾಳೆವ್ವ ಅವಳ ಹೆಸರಲ್ಲ. ನಮ್ಮ ಊರಿನಲ್ಲಿ ಸುಣ್ಣದ ಭಟ್ಟಿ ಓಣಿ ಎಂಬುದೂ ಇಲ್ಲ. ದಯವಿಟ್ಟು ಅವಳನ್ನು ಹುಡುಕಬೇಡಿ.